ಎಡಗೈಯ ಗುಂಡಿ

ನನ್ನ ಅಕ್ಕನಿಗೆ ಬೀದಿಯವರು ಇಟ್ಟ ಹೆಸರು ‘ಅಯ್ಯೋಪಾಪ’. ಅವಳ ಟೈಲರ್ ಅಂಗಡಿಗೆ ಯಾರು ಏನು ಹೇಳಿಕೊಂಡು ಬಂದರೂ ಅವಳ ಬಾಯಿಂದ ಮೊದಲು ಬೀಳುವುದು ಅದೇ ಮಾತು. ಮೆಷಿನ್ ಅವಳದು, ಕಾಜಾ ಹೊಲಿದು ಗುಂಡಿ ಹಚ್ಚುವ ಕೆಲಸ ನನ್ನದು. ಹಾಗಾಗಿ ಅವಳ ಕರುಣೆಯನ್ನೆಲ್ಲ ಪಕ್ಕದಲ್ಲೇ ಕೂತು ಕೇಳುವ ಭಾಗ್ಯವೂ ನನ್ನದೇ.

ಹಿಂದಿನ ಬೀದಿಯಲ್ಲಿ ಪ್ರಿಂಟಿಂಗ್ ಪ್ರೆಸ್ಸಿನ ಕೆಲಸಗಾರರೊಬ್ಬರಿದ್ದಾರೆ, ಎಲ್ಲರೂ ಕರೆಯುವುದು ಪ್ರೆಸ್ಸಿನವರು ಎಂದೇ. ಅವರ ಬಲಗೈ ಕಾಗದ ಕತ್ತರಿಸುವ ಮೆಷಿನ್ನಿಗೆ ಸಿಕ್ಕಿತು. ಡಾಕ್ಟರು ಮೊಣಕೈ ಮೇಲಿನವರೆಗೂ ತೆಗೆಯಬೇಕಾಯಿತು. ಗಾಯ ಮಾಗಿದ ಮೇಲೆ ಮಾಲೀಕರು ಅವರನ್ನು ಕೆಲಸದಿಂದ ತೆಗೆಯಲಿಲ್ಲ, ಸೋಮವಾರದಿಂದ ಕೌಂಟರಿನಲ್ಲಿ ಕೂರಲು ಹೇಳಿದರು. ಕೌಂಟರಿನವರಿಗೆ ತುಂಬುತೋಳಿನ ಅಂಗಿಯೇ ಆಗಬೇಕಂತೆ. ಅಕ್ಕ ಕಣ್ಣು ಒರೆಸಿಕೊಳ್ಳುತ್ತಲೇ ಅಂಥದ್ದೊಂದು ಹೊಲಿದಳು. ಬಲತೋಳನ್ನು ಅಳತೆಗೆ ಮಡಿಸಿ ಅಚ್ಚುಕಟ್ಟಾಗಿ ಮುಚ್ಚಿದಳು. ತಾನೇ ಹೋಗಿ ಕೊಟ್ಟು, ಮಜೂರಿ ಬೇಡವೆಂದು, ನಾಲ್ಕು ಸಲ ಅಯ್ಯೋ ಪಾಪ ಅಂದು ಬಂದಳು.

ಮರುದಿನ ಅವರ ಹೆಂಡತಿ ಅಂಗಿಯನ್ನು ವಾಪಸ್ ತಂದರು. ಯಜಮಾನರು ಕೆಲಸಕ್ಕೇ ಹೋಗುವುದಿಲ್ಲ ಎಂದು ಹಟ ಹಿಡಿದಿದ್ದಾರಂತೆ. ದಿನಾ ಬೆಳಿಗ್ಗೆ ಗುಂಡಿ ಹಾಕಿಸಿಕೊಳ್ಳಲು ಎಳೆಮಗುವಿನ ಹಾಗೆ ಹೆಂಡತಿಯ ಮುಂದೆ ಕೈ ಚಾಚಿ ನಿಲ್ಲುವುದಕ್ಕಿಂತ ಬನಿಯನ್ನಿನಲ್ಲಿ ಮನೆಯಲ್ಲಿ ಬಿದ್ದಿರುವುದೇ ವಾಸಿ ಎಂದರಂತೆ. ಅವರು ಹೋದ ಮೇಲೆ ಅಕ್ಕ ಮುಖ ಊದಿಸಿಕೊಂಡು, ಬಿಟ್ಟಿ ಹೊಲಿದುಕೊಟ್ಟರೂ ಇಷ್ಟು ಜಂಬವೇ ಎಂದು ಗೊಣಗಿದಳು. ನನಗೆ ರೇಗಿಹೋಯಿತು.

“ನೀನೇ ಒಂದ್ಸಲ ಒಂದೇ ಕೈಯಲ್ಲಿ ಹಾಕ್ಕೊಂಡು ನೋಡು” ಅಂದೆ.

ಬಾಯಿ ಮುಚ್ಚಿಸಲು ಅಂದ ಮಾತು ಅದು. ಅವಳೋ ನಿಜವಾಗಿಯೂ ಬಲಗೈಯನ್ನು ಅಳತೆ ಟೇಪಿನಿಂದ ಸೊಂಟಕ್ಕೆ ಕಟ್ಟಿಸಿಕೊಂಡು, ಆ ಅಂಗಿಯನ್ನೇ ತೊಟ್ಟಳು. ಎದೆಯ ಗುಂಡಿಗಳು ಜಾರಿ, ಜಾರಿ, ಕೊನೆಗೂ ಸೇರಿದವು. ಉಳಿದದ್ದು ಎಡಗೈಯ ಕಫ್ಫಿನ ಗುಂಡಿ. ಆ ಗುಂಡಿ ಇರುವುದು ಎಡ ಮಣಿಕಟ್ಟಿನಲ್ಲೇ, ಅದನ್ನು ಎಡಗೈ ಹಾಕುವುದು ಹೇಗೆ? ಹಲ್ಲಿನಿಂದ ಕಚ್ಚಿ ಎಳೆದಳು, ಮೇಜಿನ ಅಂಚಿಗೆ ಒತ್ತಿದಳು. ಬೆವರಿದಳು. ನೋಡಲಾರದೆ ನಾನು ಕೈ ಹಾಕಲು ಹೋದೆ.

“ಮುಟ್ಬೇಡ ನೀನು” ಎಂದು ಸಿಡುಕಿದಳು.

ಹಾಗಂದವಳೇ ಮಣಿಕಟ್ಟು ತಿರುಗಿಸಿ ಆ ಕಫ್ಫನ್ನೇ ನೋಡಿದಳು. ಅಯ್ಯೋ ಪಾಪ ಎನ್ನಲಿಲ್ಲ.

ಆಮೇಲೆ ಕೈ ಬಿಚ್ಚಿಸಿಕೊಂಡು, ಎದೆಯ ಕಾಜಾಗಳನ್ನು ಸ್ವಲ್ಪ ದೊಡ್ಡದು ಮಾಡು ಎಂದು ನನಗೆ ಹೇಳಿದಳು. ಕಫ್ಫಿನ ಗುಂಡಿಯನ್ನು ತಾನೇ ಕಿತ್ತು, ತುಂಡು ಎಲಾಸ್ಟಿಕ್‌ಗೆ ಹಚ್ಚಿ, ಅದನ್ನು ಮತ್ತೆ ಕಫ್ಫಿಗೆ ಹೊಲಿದಳು. ಗುಂಡಿ ಹಾಕಿದ್ದಂತೆಯೇ ಇರುತ್ತದೆ, ಕೈ ತೂರಿಸಿದರೆ ಕಫ್ ಹಿಗ್ಗಿ ಒಳಗೆ ಬಿಡುತ್ತದೆ. ಮತ್ತೆ ಟೇಪು ಕಟ್ಟಿಸಿಕೊಂಡು ತೊಟ್ಟು ನೋಡಿಯೇ ಕಳಿಸಿದಳು. ಈ ಸಲ ಮಜೂರಿಯನ್ನೂ ಕೇಳಿ ಪಡೆದಳು. ಬೇರೆಯವರಿಂದ ಪಡೆಯುವಷ್ಟೇ.

ಭಾನುವಾರವೆಲ್ಲ ಆ ಮನೆಯಿಂದ ಸುದ್ದಿಯಿಲ್ಲ. ಸೋಮವಾರ ಬೆಳಿಗ್ಗೆ ಅಂಗಡಿ ಬಾಗಿಲು ತೆಗೆಯುವ ಹೊತ್ತಿಗೆ ಪ್ರೆಸ್ಸಿನವರು ಎದುರಿಗೇ ಬಂದರು. ಮೈಮೇಲೆ ಅದೇ ಅಂಗಿ. ಕಫ್ ಸರಿಯಾಗಿಯೇ ಕೂತಿತ್ತು, ಆದರೆ ಎದೆಯ ಗುಂಡಿಗಳು ಮೇಲಿನಿಂದಲೇ ತಪ್ಪಿ ಅಂಗಿಯ ಒಂದು ಬದಿ ಕೆಳಗೆ ಜೋತಾಡುತ್ತಿತ್ತು. ಅಕ್ಕನ ಕೈ ತಾನಾಗಿ ಮೇಲೆದ್ದಿತು. ಆ ಕೈಯ ಚಾಳಿ ನನಗೆ ಗೊತ್ತು. ಅದು ಅರ್ಧಕ್ಕೇ ನಿಂತು ಬೀಗದ ಕೈಗೆ ಮರಳಿತು.

“ಒಂದು ಕಾಜಾ ತಪ್ಪಿದೆ, ನೋಡ್ಕೊಳ್ಳಿ” ಅಂದಳು, ಯಾವ ಗಿರಾಕಿಗಾದರೂ ಹೇಳುವ ಹಾಗೆ.

ಅವರು ಬಗ್ಗಿ ನೋಡಿಕೊಂಡರು.

“ಗೊತ್ತು ಅಕ್ಕಾ. ನಾನೇ ಹಾಕ್ಕೊಂಡಿದ್ದು” ಎಂದು ಹೇಳಿ, ಹಾಗೇ ಪ್ರೆಸ್ಸಿನ ಕಡೆ ನಡೆದರು.