ಭಾಲೂನ ತಂಪು ಮೂಲೆ

ಮೊನ್ನೆ ಗೋಳಗುಮ್ಮಟದ ಮುಂದಿನ ರಸ್ತೆಯಲ್ಲಿ ಕಲ್ಲಂಗಡಿ ಕೊಳ್ಳಲು ನಿಂತಿದ್ದೆ. ಮಾರುವವನು ಹಣ್ಣಿನ ರಾಶಿಗೆ ಹೊದಿಸಿದ್ದ ಗೋಣಿತಟ್ಟಿನ ಮೇಲೆ ಒಂದು ತಂಬಿಗೆ ನೀರು ಚಿಮುಕಿಸಿದ. ಕಾದ ಗೋಣಿಗೆ ನೀರು ಬಿದ್ದಾಗ ಒಂದು ವಾಸನೆ ಏಳುತ್ತದಲ್ಲ, ಅರ್ಧ ಮಣ್ಣಿನದು, ಅರ್ಧ ಹುಲ್ಲಿನದು... ಅದು ಮೂಗಿಗೆ ಬಡಿದದ್ದೇ ತಡ, ನಾನು ನಿಂತಲ್ಲೇ ಕಳೆದುಹೋದೆ. “ಯಾವ್ದ ಕೊಡ್ಲಿರಿ ಅವ್ವಾರ?” ಎಂದು ಅವನು ಕೇಳಿದರೆ ನನ್ನ ಬಾಯಿಂದ ಬಂದದ್ದು “ಖಾಲಾ” ಎಂಬ ಮಾತು. ಬಿಸಿಲು ನೆತ್ತಿಗೇರಿದೆ ಅಂದುಕೊಂಡನೋ ಏನೋ, ಪಾಪ, ಕೂರಲು ಸ್ಟೂಲು ಕೊಟ್ಟ.

ಅದು ಎಪ್ಪತ್ತರ ದಶಕ. ಊರು ಆಗಿನ್ನೂ ಬಿಜಾಪುರ. ನಾನು ಇಬ್ರಾಹಿಂಪುರದಲ್ಲಿ ರೈಲು ಹಳಿಯ ಹತ್ತಿರದ ಮನೆಗೆ ಸೊಸೆಯಾಗಿ ಬಂದು ಇನ್ನೂ ಹೊಸತು. ನಮ್ಮ ಗೋಡೆಗೆ ಹತ್ತಿದ ಮನೆ ಖಾಲಾನದು. ಖಾಲಾ ಅಂದರೆ ಚಿಕ್ಕಮ್ಮ, ಓಣಿಯವರೆಲ್ಲ ಅವರನ್ನು ಹಾಗೇ ಕರೆಯುತ್ತಿದ್ದರು. ಅವರು ಪಿಂಜಾರರು. ಗಂಡ ತೀರಿಕೊಂಡ ಮೇಲೆ ತಾವೇ ಹತ್ತಿ ಹಿಂಜಿ, ಗಾದಿ ಹೊಲಿದು, ಮಗಳನ್ನು ಸಾಕುತ್ತಿದ್ದರು. ಅವರ ಹುಬ್ಬಿನ ಮೇಲೆ ಯಾವಾಗಲೂ ಹತ್ತಿಯ ಎಳೆ ಕೂತಿರುತ್ತಿತ್ತು. “ಖಾಲಾ, ನಿಮ್ಮ ಹುಬ್ಬು ನರತಾವ ನೋಡ್ರಿ” ಎಂದು ನಾನು ಕಾಡಿಸಿದರೆ, “ನಿನ್ನ ಗಾದಿ ಹೊಲದ ನರತಾವ ಬಿಡವಾ” ಎನ್ನುತ್ತಿದ್ದರು.

ನನ್ನ ಗಂಡ ರೈಲ್ವೆಯಲ್ಲಿ ಗುಮಾಸ್ತ. ಯಾರಿಗೂ ಇಲ್ಲ ಅನ್ನಲು ಬಾರದ ಮನುಷ್ಯ. ಹಿಮ ಬೀಳುವ ಸೀಮೆಯಿಂದ ಬಂದಿದ್ದ ಅವರ ಸಾಹೇಬರು ವರ್ಗವಾಗಿ ಹೋಗುವಾಗ ತಮ್ಮ ನಾಯಿಯನ್ನು ಹಗ್ಗದ ಸಮೇತ ಇವರ ಕೈಗೆ ಕೊಟ್ಟು ಹೋದರು. ಎಂಥ ನಾಯಿ ಅಂತೀರಿ! ಕರ್ರಗೆ, ಅಂಗೈ ಇಟ್ಟರೆ ಮುಳುಗುವಷ್ಟು ದಟ್ಟ ಉಣ್ಣೆ. ಅದೂ ಬಂದದ್ದು ಯುಗಾದಿ ಮುಗಿದು ಬಿಸಿಲು ಏರುವ ಹೊತ್ತಿಗೆ. ಖಾಲಾ ಗೋಡೆಯ ಮೇಲಿಂದ ಇಣುಕಿ, “ಯಾ ಅಲ್ಲಾ! ಭಾಲೂ ತಂದೀರೇನ್ರಿ?” ಎಂದರು. ಭಾಲೂ ಅಂದರೆ ಕರಡಿ. ಅದೇ ಅದರ ಹೆಸರಾಯಿತು.

ಬಿಸಿಲು ಹೆಚ್ಚಿದಂತೆ ಭಾಲೂ ಊಟ ಬಿಟ್ಟಿತು. ಬಚ್ಚಲ ಹಸಿಮಣ್ಣು ಕೆದರಿಕೊಂಡು ಅದರಲ್ಲೇ ಬಿದ್ದು ತೇಕುತ್ತಿತ್ತು. ನನ್ನ ಅತ್ತೆ ಇಟ್ಟಂಗಿಹಾಳದ ಒಕ್ಕಲುತನದ ಮನೆಯವರು, ಕುರಿಗಳ ನಡುವೆಯೇ ಬೆಳೆದವರು. “ಬ್ಯಾಸಗಿ ಬಂತಂದ್ರ ಕುರಿಗೆ ಉಣ್ಣಿ ಕತ್ತರಸ್ತೇವಿಲ್ಲೋ? ಇದಕ್ಕೂ ಅಷ್ಟ” ಎಂದು ತವರಿನಿಂದ ಉಣ್ಣೆ ಕತ್ತರಿಸುವವನನ್ನೇ ಕರೆಸಿದರು. ಅವನು ನಾಲ್ಕೂ ಕಾಲು ಕಟ್ಟಿ, ಒಂದು ಮಗ್ಗುಲು ಬೋಳಿಸಿ ಮುಗಿಸಿದ್ದ. ಅಷ್ಟರಲ್ಲಿ ಭಾಲೂನ ಕೂಗು ಕೇಳಿ ಖಾಲಾ ಓಡಿಬಂದರು.

“ಕತ್ರಿ ಕೆಳಗ ಇಡೋ ಯಪ್ಪಾ! ಅಕ್ಕಾರ, ಇದನ್ನೇನ ಕುರಿ ಅಂತ ತಿಳದೀರೇನ್ರಿ?”

“ಉಣ್ಣಿ ಐತಿ, ನಾಲ್ಕ ಕಾಲ ಅದಾವ. ಇನ್ನೇನ ಬೇಕಬೇ?” ಎಂದರು ಅತ್ತೆ.

“ಹತ್ತಿ ಗಂಟ ಕಟ್ಟಿದ್ರ ಗಾದಿ ಕುದೀತೈತ್ರಿ, ಖರೆ. ಗಂಟ ಬಿಡಸ್ಬೇಕು. ಗಾದೀನ ಹರದ್ರ ಹೆಂಗ?”

ಅತ್ತೆ ಒಪ್ಪದಿದ್ದರೂ ಖಾಲಾ ಕಾಲಿನ ಕಟ್ಟು ಬಿಚ್ಚಿಬಿಟ್ಟರು. ಬೋಳಾದ ಮಗ್ಗುಲಿನ ಚರ್ಮ ಬಿಸಿಲಿಗೆ ಕೆಂಪೇರಿ ಬೊಕ್ಕೆ ಎದ್ದಾಗ ಅತ್ತೆಯೂ ಕತ್ತರಿಯ ಮಾತು ಬಿಟ್ಟರು. ಅರ್ಧ ಕರಡಿ, ಅರ್ಧ ಕುರಿಯಾದ ಆ ಜೀವವನ್ನು ನೋಡಿದರೆ ನಗಬೇಕೋ ಅಳಬೇಕೋ ತಿಳಿಯುತ್ತಿರಲಿಲ್ಲ.

ಅಂದಿನಿಂದ ಖಾಲಾ ದಿನವೂ ಬರತೊಡಗಿದರು. ನಾಯಿಯ ಜೊಲ್ಲು ಹತ್ತಿದ ಬಟ್ಟೆಯಲ್ಲಿ ಅವರು ನಮಾಜಿಗೆ ನಿಲ್ಲುವಂತಿರಲಿಲ್ಲ. ಅದಕ್ಕೆಂದೇ ಒಂದು ಹಳೆಯ ಸೀರೆ ಎತ್ತಿಟ್ಟಿದ್ದರು. ಅದನ್ನುಟ್ಟು ಬಂದು, ಮರದ ಬಾಚಣಿಗೆಯಿಂದ ಉಳಿದ ಮಗ್ಗುಲಿನ ಉಣ್ಣೆ ಬಾಚುವುದು. ಒಳಗಿನ ಸತ್ತ ಉಣ್ಣೆ ಮುದ್ದೆ ಮುದ್ದೆಯಾಗಿ ಹೊರಬರುತ್ತಿತ್ತು. ಬೋಳು ಮಗ್ಗುಲಿಗೆ ಕೊಬ್ಬರಿ ಎಣ್ಣೆ. ಆಮೇಲೆ ಮನೆಗೆ ಹೋಗಿ, ಕೈಕಾಲು ತಿಕ್ಕಿ ತೊಳೆದು, ಬಟ್ಟೆ ಬದಲಿಸಿ ನಮಾಜು. ಬಳಗದವರು ಮೂಗು ಮುರಿದರು. ಖಾಲಾ ಕಿವಿಗೆ ಹಾಕಿಕೊಳ್ಳಲಿಲ್ಲ. ಹಾಗೆಂದು ಅವರಿಗೆ ಎಲ್ಲವೂ ಗೊತ್ತಿತ್ತು ಅಂತಲ್ಲ. ಮೊದಮೊದಲು ಬೆನ್ನ ಮೇಲೆ ಕೊಡಗಟ್ಟಲೆ ನೀರು ಸುರಿದರು. ನೀರು ಉಣ್ಣೆಯಲ್ಲೇ ಉಳಿದು, ಬಿಸಿಯಾಗಿ, ನಾತ ಹೊಡೆಯಿತು. “ಅಯ್ಯ, ಮುಚ್ಚಿಟ್ಟ ಅನ್ನ ಆತಲ್ಲ ಇದು” ಎಂದು ತಾವೇ ನಕ್ಕು, ಮರುದಿನದಿಂದ ಹೊಟ್ಟೆಗೆ, ತೊಡೆಸಂದಿಗೆ, ಪಾದಕ್ಕೆ ಮಾತ್ರ ನೀರು ಹಚ್ಚಿದರು.

ಹೀಗೇ ದಿನ ದೂಡುತ್ತಿದ್ದಾಗ ಒಂದು ಮಧ್ಯಾಹ್ನ ಝಳ ಕೆಂಡದಂತೆ ಬಡಿಯಿತು. ಭಾಲೂ ಎದ್ದು ನಿಲ್ಲಲು ಹೋಗಿ ಕುಸಿಯಿತು. ನಾಲಿಗೆ ಕಪ್ಪಿಟ್ಟಿತ್ತು, ಕಣ್ಣು ತೇಲುತ್ತಿದ್ದವು. ನನ್ನ ಗಂಡ ಡ್ಯೂಟಿಯಲ್ಲಿ. ನಾನು ಗೋಡೆಯ ಹತ್ತಿರ ನಿಂತು ಹೋ ಎಂದು ಅಳತೊಡಗಿದೆ.

ಖಾಲಾ ಬಂದು ನೋಡಿದರು. “ಅಳಬ್ಯಾಡ. ಹಿಡಿ, ಎತ್ತು” ಎಂದರು. ಇಬ್ಬರೂ ಅದನ್ನು ಗೋಣಿತಟ್ಟಿನಲ್ಲಿ ಹೊತ್ತು ಅವರ ಮನೆಯೊಳಗೆ ನಡೆದೆವು. ಪಡಸಾಲೆಯಲ್ಲಿ ಇಳಿಸುತ್ತಾರೆ ಅಂದುಕೊಂಡೆ. ಇಲ್ಲ, ನೆಟ್ಟಗೆ ಒಳಖೋಲಿಗೆ ಹೋದರು. ದಪ್ಪ ಕಲ್ಲಿನ ಗೋಡೆ, ಪರಸಿಕಲ್ಲಿನ ನೆಲ, ಇಡೀ ಮನೆಯಲ್ಲಿ ತಂಪಾದ ಜಾಗ ಅದೊಂದೇ. ಅವರು ನಮಾಜು ಮಾಡುತ್ತಿದ್ದದ್ದೂ ಅಲ್ಲೇ. ಬಾಗಿಲ ಹತ್ತಿರ ನನ್ನ ಕಾಲು ಹಿಂಜರಿಯಿತು. ಅವರು ನೆಲದ ಮೇಲಿದ್ದ ನಮಾಜಿನ ಹಾಸು, ಜಾನಮಾಜನ್ನು ಮಗಳ ಕೈಯಿಂದ ಎತ್ತಿಸಿ, ಭಾಲೂನನ್ನು ಗೋಡೆಯ ಮೂಲೆಗೆ ಮಲಗಿಸಿದರು. ಕಿಟಕಿಗೂ ಬಾಗಿಲಿಗೂ ಗೋಣಿತಟ್ಟು ಕಟ್ಟಿ ನೀರು ಹೊಡೆದೆವು. ಆ ವಾಸನೆ ಖೋಲಿಯೆಲ್ಲ ತುಂಬಿತು. ಸ್ವಲ್ಪ ಹೊತ್ತಿಗೆ ಹಿಂದಿನಿಂದ ಯಾರೋ ಕೊಡ ಇಳಿಸಿದ ಸದ್ದು. ತಿರುಗಿ ನೋಡಿದರೆ ನನ್ನ ಅತ್ತೆ! ಅಲ್ಲಿಯತನಕ ಖಾಲಾನ ಹೊಸ್ತಿಲು ತುಳಿಯದವರು, ಭಾಲೂನ ಪಕ್ಕ ಕೂತು ಬೀಸಣಿಗೆ ಬೀಸತೊಡಗಿದರು.

ಸಂಜೆಯ ಹೊತ್ತಿಗೆ ಭಾಲೂ ನೀರು ನೆಕ್ಕಿತು. ನಾವು ಮೂವರೂ ಒಬ್ಬರ ಮುಖ ಒಬ್ಬರು ನೋಡಿ ಹುಚ್ಚರಂತೆ ನಕ್ಕೆವು.

ಮಳೆ ಬೀಳುವತನಕ ಹಗಲೆಲ್ಲ ಭಾಲೂ ಆ ಮೂಲೆಯಲ್ಲೇ. ಖಾಲಾ ಮಾತ್ರ ಬೆಂಕಿಯಂತೆ ಕಾದ ಪಡಸಾಲೆಯಲ್ಲಿ ಜಾನಮಾಜು ಹಾಸಿಕೊಂಡು, ಬೆವರು ಸುರಿಸುತ್ತ ನಮಾಜು ಮಾಡುತ್ತಿದ್ದರು. ನನ್ನ ಜೀವಕ್ಕೆ ತಡೆಯದೆ ಒಮ್ಮೆ ಕೇಳಿಯೇಬಿಟ್ಟೆ. “ನಮ್ಮ ನಾಯಿ ಸಲುವಾಗಿ ನಿಮ್ಮ ಖೋಲೀನ ಕೊಟ್ರೆಲ್ಲರಿ ಖಾಲಾ...”

“ನಾ ಎಲ್ಲಿ ನಿಂತ್ರೂ ಮ್ಯಾಲಿನವಗ ಕೇಳಸ್ತೈತವಾ. ಇದಕ್ಕ ಉಸಿರ ಬರೂದು ಈ ಖೋಲ್ಯಾಗ ಅಷ್ಟ.”

ಮುಂದೆ ನಮಗೆ ರಾಯಚೂರಿಗೆ ವರ್ಗವಾಯಿತು. ಅಲ್ಲಿಯ ಬಿಸಿಲು ಇನ್ನೂ ಘೋರ. ಖಾಲಾ ಕೇಳಲೂ ಇಲ್ಲ, ಹಗ್ಗವನ್ನು ನನ್ನ ಕೈಯಿಂದ ತೆಗೆದುಕೊಂಡರು. ಭಾಲೂ ಅವರ ಹತ್ತಿರವೇ ಇದ್ದು, ಮುದಿಯಾಗಿ, ಒಂದು ಚಳಿಗಾಲದಲ್ಲಿ ಸತ್ತಿತಂತೆ. ಬೇಸಿಗೆಯಲ್ಲಲ್ಲ. ಅದು ಖಾಲಾನ ಗೆಲುವು ಎಂದು ನಾನು ಈಗಲೂ ಹೆಮ್ಮೆ ಪಡುತ್ತೇನೆ.

ಖಾಲಾ ಹೋದ ಸುದ್ದಿ ನನಗೆ ತಡವಾಗಿ ತಿಳಿಯಿತು. ನಾನು ಅವರ ಮನೆಗೆ ಹೋದಾಗ ಮಗಳು ನನ್ನನ್ನು ಆ ಒಳಖೋಲಿಯಲ್ಲೇ ಕೂರಿಸಿದಳು. ಕಡೆಯ ಬೇಸಿಗೆಯಲ್ಲಿ ಜ್ವರ ಬಂದಾಗ ಅವರನ್ನು ಅಲ್ಲೇ ಮಲಗಿಸಿದ್ದಳಂತೆ, ಹಾಗೆಯೇ ಗೋಣಿತಟ್ಟು ಕಟ್ಟಿ. “ಎಷ್ಟ ಹೇಳಿದ್ರೂ ಮೂಲಿಗೆ ಸರೀಲಿಲ್ರಿ ಅಮ್ಮಾ” ಎಂದಳು. “‘ಆ ಜಾಗಾ ಬಿಡ್ರಿ, ಭಾಲೂಗ ಸೆಕಿ ಆಗ್ತೈತಿ’ ಅಂತ ಬಾಗಲ ಕಡೀನ ಮಲಗಿದ್ರು.” ಭಾಲೂ ಸತ್ತು ಆಗಲೇ ಎಷ್ಟೋ ವರ್ಷಗಳಾಗಿದ್ದವು...

ಕಲ್ಲಂಗಡಿಯವನು ಹಣ್ಣು ತೂಗಿ ಚೀಲಕ್ಕೆ ಹಾಕಿ, ನಾನು ಏಳಲೆಂದು ಕಾಯುತ್ತಿದ್ದ. ಗೋಣಿತಟ್ಟು ಆಗಲೇ ಒಣಗತೊಡಗಿತ್ತು. “ಇನ್ನೊಂದೀಟ ನೀರ ಹೊಡಿಯಪಾ” ಎಂದೆ. ಅವನು ಹೊಡೆದ. ಆ ವಾಸನೆ ಆರುವತನಕ ನಾನು ಸ್ಟೂಲಿನಿಂದ ಏಳಲಿಲ್ಲ.