ಶಕುಂತಲಾ ಆಂಟಿಯ ಅಮೆರಿಕ

ಅಮೆರಿಕದ ಯಾವ ಊರಿನ ಹೆಸರು ಕಿವಿಗೆ ಬಿದ್ದರೂ ಶಕುಂತಲಾ ಆಂಟಿ ಕೇಳುತ್ತಿದ್ದುದು ಒಂದೇ ಪ್ರಶ್ನೆ: “ಅಲ್ಲಿ ನಿಮ್ಮ ಮನ್ಯಾಗ ಯಾರರ ಹಡದಾರೇನು?”

ಸಿಡ್ನಿಯ ಪೆಂಡಲ್ ಹಿಲ್ ಸ್ಟೇಷನ್ ಹತ್ತಿರದ ದಿನಸಿ ಅಂಗಡಿಯಲ್ಲಿ ನಾನು ಅದನ್ನು ಮೊದಲ ಸಲ ಕೇಳಿದೆ. ಪರಿಚಯದವರೊಬ್ಬರು ರಜೆಗೆ ಅಮೆರಿಕ ಸುತ್ತಿ ಬಂದಿದ್ದರು. ಬಿಲ್ಲಿನ ಸಾಲಿನಲ್ಲಿ ನಿಂತು ಫೋನಿನಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದ ಕೆಂಪು ಸೇತುವೆ ತೋರಿಸುತ್ತ, ಇದ್ದರೆ ಇಂಥ ಊರಲ್ಲಿ ಇರಬೇಕು ಅನ್ನುತ್ತಿದ್ದರು. ಅವರ ಹಿಂದೆ ಕೊತ್ತಂಬರಿ ಕಟ್ಟು ಹಿಡಿದು ನಿಂತಿದ್ದ ಆಂಟಿ ತಮ್ಮ ಪ್ರಶ್ನೆ ಕೇಳಿದರು. ಆ ಮನುಷ್ಯ ತಬ್ಬಿಬ್ಬಾಗಿ, ಇಲ್ಲ, ನಾವು ಬರೀ ವೀಕೆಂಡ್ ಇದ್ದದ್ದು ಎಂದರು. “ಹಂಗಾರ ನೀವು ಸೇತುವಿ ನೋಡೀರಿ, ಊರು ನೋಡಿಲ್ಲ” ಎಂದು ಆಂಟಿ ಕೊತ್ತಂಬರಿ ಕೌಂಟರಿನ ಮೇಲಿಟ್ಟರು.

ಆಂಟಿ ಹುಬ್ಬಳ್ಳಿಯವರು. ಗಿಡ್ಡ ದೇಹ, ದೊಡ್ಡ ದನಿ, ಇಳಕಲ್ ಸೀರೆಯ ಕೆಳಗೆ ಬಿಳೀ ಸ್ನೀಕರ್ಸ್. ಅಂಕಲ್ ಕೆಲಸದ ಬೆನ್ನು ಹತ್ತಿ ಅಮೆರಿಕದ ಮೂರು ಊರುಗಳಲ್ಲಿ ಸಂಸಾರ ಮಾಡಿ, ಆಮೇಲೆ ಸಿಡ್ನಿಗೆ ಬಂದು ನೆಲೆ ನಿಂತವರು. ನಮ್ಮ ಬಾಡಿಗೆ ಮನೆ ಅವರ ಮನೆಯ ಕೆಳಗೇ ಸಿಕ್ಕಿದ್ದು ಕೃಷ್ಣನ ದಯೆ ಎಂದೇ ನಾನು ನಂಬಿದ್ದೇನೆ. ಉಡುಪಿ ಕಡೆಯವಳಾದ ನನಗೆ ಅವರ ಮಾತು ಮೊದಮೊದಲು ಅರ್ಧ ತಿಳಿಯುತ್ತಿರಲಿಲ್ಲ. ಅವರು ಕೆಳಗೆ ಕಳಿಸುತ್ತಿದ್ದ ಜೋಳದ ರೊಟ್ಟಿ ಮಾತ್ರ ಪೂರ್ತಿ ತಿಳಿಯುತ್ತಿತ್ತು.

ಊರುಗಳನ್ನು ಹೀಗೇಕೆ ಅಳೆಯುತ್ತೀರಿ ಎಂದು ಒಮ್ಮೆ ಕೇಳಿದ್ದೆ. ಅವತ್ತು ಅವರು ಅಡುಗೆಮನೆಯ ನೆಲದ ಮೇಲೆ ಕೂತು ಮೆಂತ್ಯದ ಸೊಪ್ಪು ಬಿಡಿಸುತ್ತ ಎಲ್ಲ ಹೇಳಿದರು.

ಮೊದಲ ಮಗ ಹುಟ್ಟಿದ್ದು ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ. ಹುಬ್ಬಳ್ಳಿಯ ಬಳಗವೆಲ್ಲ, ನಮ್ಮ ಶಕ್ಕು ಇಂದ್ರಲೋಕದಲ್ಲಿ ಬಾಣಂತಿಯಾಗಿದ್ದಾಳೆ ಎಂದು ಹಿಗ್ಗಿತ್ತಂತೆ. ಇವರು ಮಾತ್ರ ಇಳಿಜಾರು ಬೀದಿಯೊಂದರ ಮೇಲ್ಮಹಡಿಯಲ್ಲಿ, ಕಿಟಕಿಯಾಚೆ ಮಂಜು ನೋಡುತ್ತ, ಹಸಿ ಮೈಯಲ್ಲಿ ತಾವೇ ನೀರು ಕಾಯಿಸಿಕೊಂಡು ತಾವೇ ಹುಯ್ದುಕೊಂಡಿದ್ದರು. ಅಲ್ಲಿನ ಜನ ಕೆಟ್ಟವರಲ್ಲ ಎಂದು ಆಂಟಿ ಒತ್ತಿ ಹೇಳಿದರು. ಬಾಗಿಲ ಮುಂದೆ ಹೂವಿಟ್ಟು ಹೋಗಿದ್ದರು, ಆದರೆ ಒಳಗೆ ಬಂದು ಕೂರಲು ಯಾರಿಗೂ ಹೊತ್ತಿರಲಿಲ್ಲ.

ಆಮೇಲೆ ಅಂಕಲ್‌ಗೆ ಕ್ಲೀವ್‌ಲ್ಯಾಂಡಿಗೆ ವರ್ಗವಾಯಿತು. ಆಫೀಸಿನವರೆಲ್ಲ ಸಾವಿನ ಮನೆಗೆ ಬಂದವರಂತೆ ಮುಖ ಮಾಡಿಕೊಂಡು ಬೀಳ್ಕೊಟ್ಟರಂತೆ. ಕಾರ್ಖಾನೆಗಳು ಮುಚ್ಚಿದ ಊರು, ಸಮುದ್ರದಂಥ ಕೆರೆಯ ಮೇಲಿಂದ ಹಿಮ ಬಂದು ಸುರಿಯುವ ಊರು. ಪಕ್ಕದ ಮನೆಯ ಮೇರಿ ಎಂಬ ಹೆಂಗಸು ಮೊದಲ ದಿನ ಬೇಲಿಯ ಮೇಲಿಂದ ಕೇಳಿದ್ದೂ ಅದನ್ನೇ: ಎಲ್ಲ ಬಿಟ್ಟು ಇಲ್ಲಿಗೇಕೆ ಬಂದಿರಿ? ತಮ್ಮೂರನ್ನು ಬೈಯುವುದರಲ್ಲಿ ಕ್ಲೀವ್‌ಲ್ಯಾಂಡಿನವರನ್ನು ಮೀರಿಸುವವರಿಲ್ಲವಂತೆ. ಹೊರಗಿನವರು ಬೈದರೆ ಮಾತ್ರ ತೋಳೇರಿಸುತ್ತಿದ್ದರು.

“ನಮ್ಮ ಹುಬ್ಬಳ್ಳಿ ಧೂಳ ಇದ್ದಂಗ” ಎಂದರು ಆಂಟಿ. “ನಾವು ಬೈಬಹುದು, ಧಾರವಾಡದವ್ರು ಬೈಬಾರ್ದು.”

ಎರಡನೆಯದು, ಮಗಳು, ಆ ಊರಿನ ಕೊರೆಯುವ ಚಳಿಯಲ್ಲಿ ಹುಟ್ಟಿದಳು. ಮೇರಿ ದಿನವೂ ಬಂದು ಬಾಗಿಲ ಮುಂದಿನ ಹಿಮ ಸರಿಸುತ್ತಿದ್ದಳು. ಮೊದಲ ದಿನ ಕೋಳಿಯ ಸೂಪು ತಂದವಳು, ಇವರು ತಿನ್ನುವುದಿಲ್ಲ ಎಂದು ತಿಳಿದು ಮರುದಿನ ತರಕಾರಿಯದು ತಂದಳು. ಬಾಣಂತಿಯ ಬೆನ್ನಿಗೆ ನೀರು ಹೇಗೆ ಹುಯ್ಯಬೇಕೆಂದು ಕಲಿತಳು. ಒಂದು ದಿನ ಆಂಟಿ ಎರೆದುಕೊಂಡ ಕೂದಲಿಗೆ ಲೋಬಾನದ ಹೊಗೆ ಹಾಕಿಕೊಳ್ಳುತ್ತ ಕೂತಿದ್ದಾಗ ಮನೆಯ ಹೊಗೆ ಅಲಾರಂ ಹೊಡೆದುಕೊಂಡು, ಗಂಟೆ ಬಾರಿಸುತ್ತ ಅಗ್ನಿಶಾಮಕದ ಗಾಡಿಯೇ ಬಂತು. ಮೇರಿ ಬಾಗಿಲಲ್ಲಿ ಅಡ್ಡ ನಿಂತು, ಬೆಂಕಿಯೂ ಇಲ್ಲ ಏನೂ ಇಲ್ಲ, ಒಳಗೆ ಬಾಣಂತಿ ಕೂದಲು ಒಣಗಿಸುತ್ತಿದ್ದಾಳೆ, ನೋಡಲೇಬೇಕಿದ್ದರೆ ಬೂಟು ಬಿಚ್ಚಿ ಬನ್ನಿ ಎಂದಳಂತೆ. ಅಷ್ಟೆತ್ತರದ ಗಂಡಸರು ಕಾಲುಚೀಲದಲ್ಲಿ ಬಂದು ತೊಟ್ಟಿಲು ನೋಡಿ ಹೋದದ್ದನ್ನು ಹೇಳುವಾಗ ಆಂಟಿ ಸೊಪ್ಪು ಬಿಟ್ಟು ನಗುತ್ತಿದ್ದರು.

ಮೂರನೆಯ ಊರು ಹ್ಯೂಸ್ಟನ್ ಹೇಗಿತ್ತು ಎಂದು ಕೇಳಿದರೆ, ಅಲ್ಲಿ ಗುಡಿ ಇತ್ತು, ನಮ್ಮ ಜನ ಇದ್ದರು, ಕರಿಬೇವು ಕೂಡ ಸಿಗುತ್ತಿತ್ತು, ಆದರೆ ಒಬ್ಬರ ಮನೆಯಿಂದ ಇನ್ನೊಬ್ಬರ ಮನೆಗೆ ಹೋಗುವಷ್ಟರಲ್ಲಿ ಸಾರು ಆರುತ್ತಿತ್ತು ಎಂದು ಮುಗಿಸಿದರು.

ನಾನು ಆರು ತಿಂಗಳ ಬಸುರಿಯಾಗಿದ್ದಾಗ ನಮ್ಮವರಿಗೆ ಕಂಪನಿಯಲ್ಲಿ ಎರಡು ದಾರಿ ತೋರಿಸಿದರು: ಸ್ಯಾನ್‌ಫ್ರಾನ್ಸಿಸ್ಕೋ, ಇಲ್ಲವೇ ಮೆಲ್ಬರ್ನ್. ಅವರ ಮನಸ್ಸು ಯಾವ ಕಡೆ ಎಂದು ಕೇಳುವುದೇ ಬೇಡ. ಸೇತುವೆ ಆಗಲೇ ಫೋನಿನ ಪರದೆಯ ಮೇಲೆ ಬಂದು ಕೂತಿತ್ತು. ಉಡುಪಿಯಲ್ಲಿ ಅಮ್ಮನಿಗೆ ಮೊಣಕಾಲಿನ ಆಪರೇಷನ್ ಆಗಿ, ಬರುವುದು ಸಾಧ್ಯವೇ ಇರಲಿಲ್ಲ. ನಾನು ದೇವರ ಮುಂದೆ ಕೂತಾಗ ಕೇಳಿಕೊಂಡದ್ದು ಊರನ್ನಲ್ಲ. ಎಲ್ಲಿಗೆ ಬೇಕಾದರೂ ಕಳಿಸು ಕೃಷ್ಣಾ, ಬಾಣಂತನಕ್ಕೆ ಒಬ್ಬರನ್ನು ಕೊಡು ಎಂದಷ್ಟೇ.

ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ಇದ್ದು ಬಂದ ಆಂಟಿ ಒಂದು ಒಳ್ಳೆಯ ಮಾತು ಆಡುತ್ತಾರೆ ಎಂಬ ಧೈರ್ಯದಿಂದ ನಮ್ಮವರು ನನ್ನನ್ನೂ ಕರೆದುಕೊಂಡು ಮಹಡಿ ಹತ್ತಿದರು. ಆಂಟಿ ಸಂಬಳ, ಹವೆ, ಆಸ್ಪತ್ರೆ ಎಲ್ಲವನ್ನೂ ಸಮಾಧಾನದಿಂದ ಕೇಳಿ, ಒಳ್ಳೆಯದೇ ಎಂದರು. ಆಮೇಲೆ ನನ್ನ ಕಡೆ ಕೈ ತೋರಿಸಿದರು.

“ಇಕಿ ಬಾಣಂತನ ಯಾರು ಮಾಡ್ತಾರಪಾ?”

“ಅಲ್ಲಿ ಅದಕ್ಕೂ ಸರ್ವಿಸ್ ಇದೆ ಆಂಟಿ. ಬುಕ್ ಮಾಡ್ಬಹುದು.”

“ಪಿಜ್ಜಾ ಬುಕ್ ಮಾಡ್ತಾರ. ತಾಯಿನ್ನ ಬುಕ್ ಮಾಡಂಗಿಲ್ಲ.”

ನಮ್ಮವರೂ ಬಿಡಲಿಲ್ಲ. ಹಾಗಾದರೆ ಮೆಲ್ಬರ್ನಿನಲ್ಲಿ ಮಾತ್ರ ಯಾರಿದ್ದಾರೆ ಎಂದರು. ಬಾಡಿಗೆ ಕೈಗೆಟುಕುವುದು ಕ್ರಾನ್‌ಬರ್ನ್‌ನಂಥ ಸಬರ್ಬಿನಲ್ಲಿ, ಅಲ್ಲಿ ನೋಡಲು ಏನಿದೆ ಎಂದರು.

“ನೋಡಾಕ ಏನದನೋ ಗೊತ್ತಿಲ್ಲ. ನಾ ಬರ್ತೇನಿ, ಅಷ್ಟ.”

ಮಹಡಿ ಇಳಿದು ಬಂದ ನಮ್ಮವರು ಮರುದಿನ ಮೆಲ್ಬರ್ನಿಗೆ ಒಪ್ಪಿಗೆ ಕೊಟ್ಟು ಬಂದರು. ಅದೂ ಒಂದು ದಯೆಯೇ. ಹೆಂಡತಿಗಾಗಿ ಸೇತುವೆ ಬಿಟ್ಟ ಗಂಡನನ್ನು ನಾನು ಸಣ್ಣವನೆಂದು ಎಣಿಸಲಾರೆ.

ಆಂಟಿ ಆಡಿದಂತೆ ಬಂದರು. ಅಂಕಲ್‌ಗೆ ಅಡುಗೆ ಬರುತ್ತಿತ್ತು, ಅವರೊಬ್ಬರೇ ಸಿಡ್ನಿಯಲ್ಲಿ ಉಳಿದರು. ಕ್ರಾನ್‌ಬರ್ನ್‌ನ ನಮ್ಮ ಮನೆಯಲ್ಲಿ ಆಂಟಿಯ ಸೂಟ್‌ಕೇಸ್ ಬಿಚ್ಚಿದಾಗ ಬಟ್ಟೆ ಒಂದು ಪಾಲಾದರೆ ಬಾಣಂತಿಗೆಂದು ಕಟ್ಟಿದ ಅಂಟಿನುಂಡಿಯ ಡಬ್ಬಿಗಳು ಮೂರು ಪಾಲು. ಮಗಳು ಹುಟ್ಟಿದಳು. ನಮ್ಮ ಕಡೆ ಬಾಣಂತಿಗೆ ಕುಚ್ಚಲಕ್ಕಿ ಗಂಜಿಯೇ ಆಗಬೇಕು ಎಂದು ನಾನು ಹಟ ಹಿಡಿದಾಗ, “ಆತವ್ವಾ, ಗಂಜಿನೂ ಕುಡಿ, ಮ್ಯಾಲ ಒಂದು ಉಂಡಿ ತಿನ್ನು” ಎಂದು ಎರಡು ಸೀಮೆಯನ್ನೂ ಒಂದೇ ತಟ್ಟೆಗೆ ತಂದರು. ಕಾಲು ಚಾಚಿ ಕೂತು, ಮಗುವನ್ನು ಮೊಣಕಾಲ ಮೇಲೆ ಮಲಗಿಸಿ ಎಣ್ಣೆ ತಿಕ್ಕಿ ನೀರೆರೆಯುತ್ತಿದ್ದರು. ಮಗಳು ಕಿರುಚುವಾಗ ನಾನು ಬಾಗಿಲಾಚೆ ನಿಂತು ದೇವರ ಹೆಸರು ಹೇಳುತ್ತಿದ್ದೆ. ಮಗುವಿಗೆ ಎರೆಯಲು ನನಗೆ ಕೈಯೇ ಬರುತ್ತಿರಲಿಲ್ಲ. ಸಿಟಿಯ ಗಲ್ಲಿಗಳ ಗೋಡೆಚಿತ್ರ ನೋಡಿಕೊಂಡು ಬನ್ನಿ, ಲೋಕದ ಜನರೆಲ್ಲ ಅದಕ್ಕೇ ಮೆಲ್ಬರ್ನಿಗೆ ಬರುತ್ತಾರೆ ಎಂದು ನಮ್ಮವರು ಎಷ್ಟು ಕರೆದರೂ ಆಂಟಿ ಕದಲಲಿಲ್ಲ.

ಬಾಣಂತನ ಅರ್ಧಕ್ಕೆ ಬಂದಿತ್ತು. ಒಂದು ಬೆಳಿಗ್ಗೆ ಕ್ಲೀವ್‌ಲ್ಯಾಂಡಿನಿಂದ ಫೋನ್ ಬಂತು. ಮೇರಿ ಬಿದ್ದು ಸೊಂಟ ಮುರಿದುಕೊಂಡಿದ್ದಳು. ವಯಸ್ಸು ಎಂಬತ್ತು ದಾಟಿತ್ತು, ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಆಂಟಿ ಫೋನಿಟ್ಟು, ಏನೂ ಆಗದವರಂತೆ ಮಗುವಿಗೆ ನೀರು ಕಾಯಲು ಇಟ್ಟರು. ನಾನೇ ಕೇಳಬೇಕಾಯಿತು.

“ನೀವು ಹೋಗಬೇಕಲ್ವಾ ಆಂಟಿ?”

“ನಿನ್ನ ಬಾಣಂತನ ಮುಗಿಸಿ ಹೋಗ್ತೇನಿ. ಅರ್ಧಾ ಬಿಟ್ಟು ಹೋದಾಕಿ ಅನಸ್ಕೊಳ್ಳಾಂಗಿಲ್ಲ ನಾ.”

ಅವರ ಬೆನ್ನು ನನ್ನ ಕಡೆಗಿತ್ತು. ಹೋಗಬೇಡಿ ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ನಾನು ಸೆರಗು ಸಿಕ್ಕಿಸಿ ಬಚ್ಚಲಲ್ಲಿ ಕೂತು ಕಾಲು ಚಾಚಿದೆ. ಮಗೂನ ಕೊಡಿ ಎಂದೆ. ಆಂಟಿ ಮಗಳನ್ನು ತಂದು ಮಲಗಿಸಿದರು. ಎಣ್ಣೆಯ ಮೈ, ಜಾರುವ ಕುತ್ತಿಗೆ. ಎಡಗೈ ತಲೆಯ ಕೆಳಗಿಟ್ಟು, ಬಲಗೈಯಿಂದ ನೀರು ಹುಯ್ದೆ. ಮಗಳು ಕಿರುಚಿದಳು. ನಾನು ನೀರು ಹುಯ್ಯುವುದನ್ನು ನಿಲ್ಲಿಸಲಿಲ್ಲ. ಆಂಟಿ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದರು, ಒಂದು ಸಲವೂ ಕೈ ಚಾಚಲಿಲ್ಲ. ಒರೆಸಿ, ಸುತ್ತಿ, ಮಗುವನ್ನು ಅವರ ಕೈಗೆ ಕೊಟ್ಟಾಗ ಮಗಳು ಆಗಲೇ ನಿದ್ದೆಗೆ ಜಾರಿದ್ದಳು.

“ಕಿವಿ ಹಿಂದ ಒರಸಿಲ್ಲ” ಎಂದರು. ಅಲ್ಲಿ ತಾವೇ ಒರೆಸಿ, “ಟಿಕೆಟ್ ನೋಡಂತ ಹೇಳು ನಿಮ್ಮವರಿಗೆ” ಎಂದರು.

ಪೆಂಡಲ್ ಹಿಲ್‌ನಿಂದ ಅವತ್ತೆಲ್ಲ ಫೋನುಗಳು. ಲೋಕವೇ ನೋಡಲು ಬರುವ ಸಿಡ್ನಿ ಬಿಟ್ಟು ಈ ವಯಸ್ಸಿನಲ್ಲಿ ಆ ಹಿಮದ ಊರಿಗಾ ಎಂದು ಎಲ್ಲರೂ ಬುದ್ಧಿ ಹೇಳಿದರು. ಆಂಟಿ ಎಲ್ಲರಿಗೂ ಹೂಂ ಹೂಂ ಎಂದು ಉಣ್ಣೆಯ ಸ್ವೆಟರ್ ಮಡಿಸಿಟ್ಟುಕೊಂಡರು. ಅಂಕಲ್ ಮಾತ್ರ, ಮನೆಯ ವ್ಯವಸ್ಥೆ ಮಾಡಿ ತಾನೂ ಹಿಂದೆಯೇ ಬರುತ್ತೇನೆ ಎಂದರು.

ಮೆಲ್ಬರ್ನ್ ಏರ್‌ಪೋರ್ಟಿಗೆ ನಾನೂ ಮಗುವನ್ನು ಎತ್ತಿಕೊಂಡು ಹೋಗಿದ್ದೆ. ಹಸಿ ಬಾಣಂತಿ ಗಾಳಿಗೆ ಬರಬಾರದು ಎಂದು ಆಂಟಿ ದಾರಿಯುದ್ದಕ್ಕೂ ಬೈದರು. ಕೌಂಟರಿನ ಹುಡುಗಿ ಪಾಸ್‌ಪೋರ್ಟ್ ತಿರುವುತ್ತ, ನಗುತ್ತ, ಕ್ಲೀವ್‌ಲ್ಯಾಂಡೇ, ನ್ಯೂಯಾರ್ಕ್ ಅಲ್ಲವೇ, ಅಲ್ಲಿ ನೋಡಲು ಏನಿದೆ ಎಂದು ಇಂಗ್ಲಿಷಿನಲ್ಲಿ ಕೇಳಿದಳು.

“ಮೇರಿ” ಎಂದರು ಆಂಟಿ.

ಹುಡುಗಿಗೆ ಅದು ಯಾವ ಜಾಗವೆಂದು ತಿಳಿಯಲಿಲ್ಲ. ತಲೆಯಾಡಿಸಿ ಪೆಟ್ಟಿಗೆಗೆ ಚೀಟಿ ಅಂಟಿಸಿದಳು. ಆಂಟಿ ಮಗಳ ನೆತ್ತಿ ಮೂಸಿ, ನನ್ನ ಕಿವಿ ಮುಚ್ಚುವಂತೆ ಸೆರಗು ಎಳೆದು, ತಿರುಗಿ ನೋಡದೆ ಒಳಗೆ ನಡೆದರು. ಅಂಕಲ್ ಕೂಡ ಹೋಗಿ ಇಬ್ಬರೂ ಅಲ್ಲೇ ಉಳಿದರು, ಆಮೇಲೆ ನಾನು ಅವರನ್ನು ಕಂಡಿಲ್ಲ. ಮೇರಿ ಈಗ ಕೋಲು ಹಿಡಿದು ನಡೆಯುತ್ತಾಳಂತೆ.