ಡ್ಯೂಟಿ ಬಟ್ಟೆಯಲ್ಲಿ ಮಲಗುವ ಫೆರೆಟ್

ಗಂಡ ತೀರಿಕೊಂಡ ಮೇಲೆ ಮನೆಯಲ್ಲಿ ಉಳಿದದ್ದು ನಾನು ಮತ್ತು ಅವರ ಫೆರೆಟ್. ನಮ್ಮಿಬ್ಬರಿಗೂ ಮೊದಲಿನಿಂದ ಅಷ್ಟಕ್ಕಷ್ಟೆ. ಮುಂಗುಸಿಯನ್ನು ಹಿಡಿದು ಎಳೆದು ಉದ್ದ ಮಾಡಿದಂತಿರುವ ಪ್ರಾಣಿ ಅದು. ಮೈಯಿಂದ ಬರುವ ಗಾಟು ವಾಸನೆ ಬೇರೆ. ನಾನು ಬಹ್ರೈನಿನ ಮನಾಮಾದ ಹೋಟೆಲೊಂದರ ಲಾಂಡ್ರಿಯಲ್ಲಿ ಸೂಪರ್‌ವೈಸರ್. ದಿನವಿಡೀ ಊರವರ ಹಾಸಿಗೆಯ ಕಲೆ, ವಾಸನೆ ತೆಗೆಸಿ ಮನೆಗೆ ಬಂದರೆ ಇಲ್ಲಿ ಇದು. ಮಂಗಳೂರಿನಲ್ಲಿ ದೊಡ್ಡ ಮಗನ ಜೊತೆಗಿರುವ ನನ್ನ ಅತ್ತೆ ಫೋನಿನಲ್ಲಿ ಅದನ್ನು ‘ಆ ಕೀರಿ’ ಎನ್ನುತ್ತಿದ್ದರು. ನಮ್ಮ ಕಡೆ ಮುಂಗುಸಿಗೆ ಕೀರಿ ಎಂದೇ ಹೇಳುವುದು.

ಗಂಡನಿಗೆ ಅಸ್ಕರ್‌ನ ಅಲ್ಯೂಮಿನಿಯಂ ಕಾರ್ಖಾನೆಯಲ್ಲಿ ಮೆಂಟೆನೆನ್ಸ್ ಕೆಲಸ. ಶಿಫ್ಟ್ ಮುಗಿಸಿ ಕಂಪನಿ ಬಸ್ಸಿನಲ್ಲಿ ಮುಹರ್ರಕ್‌ನ ನಮ್ಮ ಮನೆಗೆ ಬಂದವರೇ ಮೈತುಂಬ ಮುಚ್ಚುವ ಡ್ಯೂಟಿ ಬಟ್ಟೆ ಕವರಾಲ್ ಕಳಚಿ ಹಾಲಿನ ಮೂಲೆಗೆ ಎಸೆಯುತ್ತಿದ್ದರು. ಫೆರೆಟ್ ಎಲ್ಲಿದ್ದರೂ ಓಡಿ ಬಂದು ಅದರ ತೋಳಿನೊಳಗೆ ನುಗ್ಗಿ ಮಲಗುತ್ತಿತ್ತು. ಈ ಒಂದು ವಿಷಯಕ್ಕೆ ನಾವು ಆಡಿದ ಜಗಳ ಒಂದೆರಡಲ್ಲ. ಲಾಂಡ್ರಿಯವಳ ಮನೆಯಲ್ಲೇ ಕೊಳೆ ಬಟ್ಟೆ ನೆಲದ ಮೇಲೆ ಬಿದ್ದಿರುತ್ತದೆಂದರೆ ನೋಡಿದವರು ಏನೆಂದಾರು ಎಂದು ಕಿರುಚುತ್ತಿದ್ದೆ. ‘ನೋಡ್ಲಿಕ್ಕೆ ಇಲ್ಲಿಗೆ ಯಾರು ಬರ್ತಾರೆ ಮಾರಾಯ್ತಿ’ ಎಂದು ಅವರು ನಗುತ್ತಿದ್ದರು.

ಅವತ್ತೂ ಹಾಗೇ ಎಸೆದು ಕುರ್ಚಿಯಲ್ಲಿ ಕೂತು ಚಾ ಕೇಳಿದರು. ನಾನು ಚಾ ತರುವಷ್ಟರಲ್ಲಿ ತಲೆ ವಾಲಿತ್ತು. ಆಂಬುಲೆನ್ಸಿನವರು ಬಂದು ಅವರನ್ನು ನೆಲಕ್ಕೆ ಇಳಿಸಿ ಎದೆ ಒತ್ತುತ್ತಿರುವಾಗ, ಆ ಪ್ರಾಣಿ ಪಕ್ಕದಲ್ಲೇ ಕವರಾಲಿನೊಳಗೆ ನಿದ್ದೆ ಹೊಡೆಯುತ್ತಿತ್ತು. ಅದನ್ನು ನೆನೆದರೆ ನನಗೆ ಈಗಲೂ ಸಿಟ್ಟು ಬರುತ್ತದೆ.

ಪೆಟ್ಟಿಗೆಯಲ್ಲಿ ಅವರನ್ನು ಊರಿಗೆ ಒಯ್ದು, ಚರ್ಚಿನ, ನಮ್ಮ ಮಾತಿನಲ್ಲಿ ಇಗರ್ಜಿಯ, ಸ್ಮಶಾನದಲ್ಲಿ ಮಣ್ಣು ಮಾಡಿ, ನಾನೊಬ್ಬಳೇ ವಾಪಸು ಬಂದೆ. ಫೆರೆಟನ್ನು ಕೆಳಗಿನ ಮನೆಯ, ನಮ್ಮ ಕಡೆಯವರೇ ಆದ ಬ್ಯಾರಿ ಕುಟುಂಬ ದಿನಾ ಬಂದು ನೋಡಿಕೊಂಡಿತ್ತು. ಬಾಗಿಲು ತೆರೆದರೆ ಕವರಾಲ್ ಬಿದ್ದಲ್ಲೇ ಬಿದ್ದಿತ್ತು. ಎತ್ತಲು ಬಗ್ಗಿದವಳಿಗೆ ಅವರ ವಾಸನೆ ಬಂತು: ಬೆವರು, ಲೋಹದ ಧೂಳು, ಸೊಂಟನೋವಿಗೆ ಹಚ್ಚುತ್ತಿದ್ದ ಮುಲಾಮು. ಅಲ್ಲೇ ಕುಸಿದು ಕೂತೆ. ಅವರ ಉಳಿದ ಬಟ್ಟೆಯೆಲ್ಲ ನನ್ನ ಕೈಯಲ್ಲೇ ತೊಳೆದು ಇಸ್ತ್ರಿಯಾಗಿ ಕಪಾಟಿನಲ್ಲಿತ್ತು. ಅವುಗಳಲ್ಲಿ ಸೋಪಿನ ವಾಸನೆ ಬಿಟ್ಟು ಬೇರೇನಿಲ್ಲ. ಇದನ್ನು ಮಾತ್ರ ತೊಳೆಯಬಾರದೆಂದು ನಿಶ್ಚಯಿಸಿದೆ. ಅಂದಿನಿಂದ ಡ್ಯೂಟಿಗೆ ಹೊರಡುವ ಮೊದಲು ಮಂಡಿಯೂರಿ ಅದರ ಕಾಲರಿಗೆ ಮೂಗು ಹಚ್ಚುವುದು ನನ್ನ ಬೆಳಗಿನ ಪ್ರಾರ್ಥನೆಯಾಯಿತು. ನಿಜವಾದ ಪ್ರಾರ್ಥನೆ ಬಿಟ್ಟುಹೋಗಿತ್ತು.

ಫೆರೆಟ್ ಊಟ ಬಿಟ್ಟಿತು. ಶಿಫ್ಟ್ ಬಸ್ಸಿನ ಹೊತ್ತಿಗೆ ಬಾಗಿಲ ಬಳಿ ಹೋಗಿ ಕೂರುತ್ತಿತ್ತು, ಆಮೇಲೆ ಕವರಾಲಿನೊಳಗೆ ಹೋಗಿ ಬೀಳುತ್ತಿತ್ತು. ಬೆನ್ನಿನ ಎಲುಬು ಕೈಗೆ ಸಿಗತೊಡಗಿದಾಗ ಹೆದರಿದೆ. ನನಗೆ ಅದರ ಮೇಲೆ ಪ್ರೀತಿ ಹುಟ್ಟಿತ್ತೆಂದು ಹೇಳಲಾರೆ. ಆದರೆ ಈ ದೇಶದಲ್ಲಿ ಅವರಿಲ್ಲವೆಂದು ಕೊರಗುವ ಇನ್ನೊಂದು ಜೀವ ಅದೊಂದೇ. ಅದೂ ಹೋದರೆ ನಾನೊಬ್ಬಳೇ ಕೊರಗಬೇಕಿತ್ತು. ಪ್ರಾಣಿಗಳ ಡಾಕ್ಟರು, ಈಜಿಪ್ಟಿನ ಹೆಂಗಸು, ಪರೀಕ್ಷೆ ಮಾಡಿ ರೋಗವೇನೂ ಇಲ್ಲ, ಜೊತೆ ಬೇಕು ಎಂದರು.

ಅದೇ ಹೊತ್ತಿಗೆ ಕೆಳಗಿನ ಮನೆಯವರು ಊರಿಗೆ ಹೊರಟರು. ಅವರ ಮನೆಯಲ್ಲೂ ಒಂದು ಫೆರೆಟ್ ಇತ್ತು, ಎಳೇ ಹೆಣ್ಣು. ಯಜಮಾನರು ಅದನ್ನು ಪಂಜರ ಸಮೇತ ಎತ್ತಿಕೊಂಡು ಬಂದು ಬಾಗಿಲಲ್ಲಿ ನಿಂತರು.

‘ಅಕ್ಕ, ನಾವು ಎಕ್ಸಿಟ್ ಹೊಡೆಸಿ ಹೋಗುದು, ಇನ್ನು ವಾಪಸ್ ಬರ್ಲಿಕ್ಕಿಲ್ಲ. ನಾಯಿ, ಬೆಕ್ಕಾದ್ರೆ ಊರಿಗೆ ಬಿಡ್ತಾರಂತೆ, ಇದನ್ನು ಬಿಡುದಿಲ್ಲ. ಮಗಳು ಕಣ್ಣೀರು ಹಾಕಿ ಕೂಗ್ತಾ ಉಂಟು. ನಿಮ್ಮದಕ್ಕೂ ಒಂದು ಜೊತೆ ಆಯ್ತಲ್ಲ?’

ಬೇಡವೆನ್ನುವ ಧೈರ್ಯ ಬರಲಿಲ್ಲ. ನನ್ನ ಗಂಡನ ಹೆಣದ ಕಾಗದಪತ್ರಕ್ಕೆ ಕಚೇರಿಯಿಂದ ಕಚೇರಿಗೆ ಓಡಾಡಿದವರು ಅವರೇ.

ಹೊಸದನ್ನು ತಂದು ಹಳೆಯದರ ಮುಂದೆ ಬಿಟ್ಟರೆ ಆಯಿತೆಂದು ನಾನು ತಿಳಿದಿದ್ದೆ. ಹಾಗಲ್ಲವಂತೆ. ಮೊದಲು ಬೇರೆ ಬೇರೆ ಕೋಣೆ. ಆಮೇಲೆ ಪಂಜರದ ಸರಳಿನ ಆಚೆ ಈಚೆ ಮೂಗು ತಾಗಿಸಬೇಕು. ಇದರ ಹಾಸಿಗೆ ಅದಕ್ಕೆ, ಅದರದ್ದು ಇದಕ್ಕೆ ಹಾಕಿ ವಾಸನೆ ರೂಢಿ ಮಾಡಿಸಬೇಕು. ಕೊನೆಗೆ, ಒಟ್ಟಿಗೆ ಬಿಡುವ ಮೊದಲು, ಹಳೆಯದು ಮಲಗುವ ಬಟ್ಟೆಬರೆಯನ್ನೆಲ್ಲ ತೊಳೆದು ವಾಸನೆ ಹೋಗಿಸಬೇಕು. ಎರಡಕ್ಕೂ ಒಂದೇ ಶಾಂಪೂವಿನಲ್ಲಿ ಸ್ನಾನ, ಕುತ್ತಿಗೆಗೆ ಮೀನೆಣ್ಣೆ. ಒಂದನ್ನೊಂದು ನೆಕ್ಕಲಿ ಎಂದು. ನನ್ನ ಮದುವೆಯಲ್ಲಿ ನನಗೂ ಇಷ್ಟು ಉಪಚಾರ ನಡೆದಿರಲಿಲ್ಲ. ಡಾಕ್ಟರು ಹೇಳಿದ್ದನ್ನೆಲ್ಲ ಮಾಡಿದೆ, ಕವರಾಲ್ ಒಂದನ್ನು ಬಿಟ್ಟು. ಅದನ್ನು ಹೊಸದಕ್ಕೆ ಮೂಸಲೂ ಕೊಡಲಿಲ್ಲ.

ಪಂಜರದ ಬಾಗಿಲು ತೆರೆದ ದಿನ ಎರಡೂ ಸ್ವಲ್ಪ ಹೊತ್ತು ಚೆನ್ನಾಗಿಯೇ ಸುತ್ತಾಡಿದವು. ಆಮೇಲೆ ಹೊಸದು ಮೂಲೆಗೆ ಹೋಗಿ ಕವರಾಲಿನ ತೋಳಿಗೆ ತಲೆ ಹಾಕಿತು. ಎದ್ದು ನಿಲ್ಲಲಾರದಂತಿದ್ದ ಹಳೆಯದಕ್ಕೆ ಎಲ್ಲಿತ್ತೋ ಆ ಶಕ್ತಿ, ಅದರ ಕುತ್ತಿಗೆಗೆ ಬಾಯಿ ಹಾಕಿ ಎಳೆದು ನೆಲಕ್ಕೆ ಬಡಿಯಿತು. ಎಳೇ ಪ್ರಾಣಿ ಮಗುವಿನಂತೆ ಕಿರುಚುತ್ತ ಅಲ್ಲೇ ಹೇತುಕೊಂಡಿತು. ಬಿಡಿಸಲು ಹೋದ ನನ್ನ ಹೆಬ್ಬೆರಳಿಗೂ ಹಲ್ಲು ಇಳಿಯಿತು. ಬಿಳಿ ಟೈಲ್ಸಿನ ಮೇಲೆ ಯಾರ ರಕ್ತ ಯಾವುದೆಂದು ತಿಳಿಯಲಿಲ್ಲ.

ಡಾಕ್ಟರು ಹೊಸದಕ್ಕೆ ಹೊಲಿಗೆ ಹಾಕುತ್ತ ಕೇಳಿದರು, ‘ಎಲ್ಲ ತೊಳೆದಿರಾ? ಹಳೆಯ ವಾಸನೆ ಯಾವುದರಲ್ಲೂ ಇರಬಾರದು ಎಂದಿದ್ದೆ.’

ಒಂದು ಬಟ್ಟೆ ಬಿಟ್ಟು ಎಲ್ಲ, ಎಂದೆ. ಯಾವ ಬಟ್ಟೆ ಎಂದು ಕೇಳಿ ತಿಳಿದುಕೊಂಡ ಮೇಲೆ ಅವರು ಸೂಜಿ ಕೆಳಗಿಟ್ಟು ನನ್ನ ಭುಜ ಹಿಡಿದರು. ‘ಕೊನೆಗೆ ನಿಮ್ಮ ಇಷ್ಟ’ ಎಂದಷ್ಟೇ ಹೇಳಿದರು. ನನ್ನ ಇಷ್ಟವಂತೆ!

ಕವರಾಲನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಕಪಾಟಿನಲ್ಲಿಟ್ಟು ಬೀಗ ಹಾಕಿ ನೋಡಿದೆ. ಹಳೆಯದು ಕಪಾಟಿನ ಬಾಗಿಲನ್ನು ಕೆರೆದು ಕೆರೆದು ಉಗುರು ಕಿತ್ತುಕೊಂಡಿತು. ನೀರು ಕುಡಿಯುವುದನ್ನೂ ಬಿಟ್ಟಿತು. ಮತ್ತೆ ಹೊರತೆಗೆದು ಮೂಲೆಯಲ್ಲಿ ಹಾಸಿದರೆ ಅದರ ಮೇಲೆ ಮಲಗಿ, ಕೋಣೆಯ ಇನ್ನೊಂದು ತುದಿಯಲ್ಲಿ ಮುದುಡಿ ಕೂತ ಹೊಸದನ್ನು ನೋಡುತ್ತ ಹಲ್ಲು ತೋರಿಸುತ್ತಿತ್ತು. ಬಾಯಲ್ಲಿ ಬಿಸಿ ತುಪ್ಪ ನನಗೆ, ಉಗುಳುವ ಹಾಗಿಲ್ಲ, ನುಂಗುವ ಹಾಗಿಲ್ಲ. ಕಾಲರನ್ನಾದರೂ ಕತ್ತರಿಸಿ ಇಟ್ಟುಕೊಳ್ಳೋಣವೆಂದು ಕತ್ತರಿ ತಂದೆ. ಮೂಗಿಗೆ ಹಿಡಿದರೆ ಫೆರೆಟಿನ ಗಾಟು ವಾಸನೆಯೇ ಮುಂದಿತ್ತು. ಅವರದ್ದು ಅದರ ಹಿಂದೆಲ್ಲೋ ಒಂದು ಎಳೆಯಷ್ಟು. ಇದೆಯೋ, ಇದೆಯೆಂದು ನಾನೇ ಅಂದುಕೊಳ್ಳುತ್ತಿದ್ದೇನೋ? ಈ ಎಳೆಯನ್ನು ನಂಬಿಕೊಂಡು ಜೀವವಿರುವುದನ್ನು ಸಾಯಿಸುವುದೇ ಎಂದು ನನ್ನ ಮೇಲೇ ರೇಗಿ, ಕತ್ತರಿ ಎಸೆದು, ಇಡೀ ಬಟ್ಟೆಯನ್ನು ಬಚ್ಚಲಿಗೆ ಒಯ್ದೆ.

ಆಗಸ್ಟ್ ತಿಂಗಳು. ಬಹ್ರೈನಿನಲ್ಲಿ ಆಗ ತಣ್ಣೀರಿನ ನಲ್ಲಿಯಲ್ಲೂ ತಾರಸಿ ಟ್ಯಾಂಕಿನ ಕುದಿಯುವ ನೀರೇ ಬರುತ್ತದೆ. ಮೈಯ ಜಿಡ್ಡು, ಬೆವರು ಬಿಡಿಸಲು ಬಿಸಿನೀರಿನಷ್ಟು ಒಳ್ಳೆಯದು ಬೇರೆ ಇಲ್ಲವೆಂದು ಲಾಂಡ್ರಿಗೆ ಹೊಸದಾಗಿ ಬಂದ ಹುಡುಗಿಯರಿಗೆ ನಾನೇ ಕಲಿಸುತ್ತೇನೆ. ಸೋಪು ಹಾಕುವ ಮೊದಲೇ ನೀರು ಬೂದು ಬಣ್ಣಕ್ಕೆ ತಿರುಗಿತು. ಗಟ್ಟಿಯಾಗಿ ಅತ್ತೆ. ಊರಿನ ಇಗರ್ಜಿಯಲ್ಲಿ ಪೆಟ್ಟಿಗೆ ಕೆಳಗಿಳಿಸುವಾಗ ಬಾರದ ಅಳು ಅಲ್ಲಿ ಬಂತು.

ಒಣಗಿದ ಬಟ್ಟೆಯನ್ನು ಮೂಲೆಯಲ್ಲಿ ಹಾಸಿ ಎರಡನ್ನೂ ಬಿಟ್ಟೆ. ಹಳೆಯದು ತೋಳಿನೊಳಗೆ ಹೋಯಿತು, ಸೀನಿತು, ಹೊರಗೆ ಬಂತು. ಇನ್ನೊಂದು ತೋಳಿಗೆ ಹೋಗಿ ಬಂತು. ಆಮೇಲೆ ಸೋಫಾದಡಿ, ಚಪ್ಪಲಿ ಸ್ಟ್ಯಾಂಡು, ಬಾಗಿಲು, ಅವರು ಕೂರುತ್ತಿದ್ದ ಕುರ್ಚಿ, ಇಡೀ ಮನೆ ಮೂಸಿತು. ಎಲ್ಲೂ ಸಿಗದೆ ಬರಿ ನೆಲದ ಮೇಲೆ ಮಲಗಿತು. ಹೊಸದು ಹೆದರುತ್ತ ಹತ್ತಿರ ಹೋಗಿ ಅದರ ಬೆನ್ನಿನ ಮೇಲೆ ಗದ್ದ ಇಟ್ಟಿತು. ಹಳೆಯದು ಕಚ್ಚಲಿಲ್ಲ. ಕಾಯುವುದಕ್ಕೆ ಅದಕ್ಕೂ ಏನೂ ಉಳಿದಿರಲಿಲ್ಲ. ಮಾರನೇ ದಿನ ಎರಡೂ ಒಂದೇ ಬಟ್ಟಲಿನಲ್ಲಿ ತಿಂದವು. ಡಾಕ್ಟರು ಫೋನಿನಲ್ಲಿ ಸಂತೋಷಪಟ್ಟರು. ನನಗೆ ಸಂತೋಷವಾಗಲಿಲ್ಲ, ನಿರಾಳವಾಯಿತು, ಅಷ್ಟೆ.

ಅವರು ತೀರಿಕೊಂಡು ವರ್ಷ ತುಂಬಿದ ಪೂಜೆಗೆ ಊರಿಗೆ ಹೊರಡುವ ತಯಾರಿಯಲ್ಲಿದ್ದಾಗ ಅತ್ತೆ ಫೋನ್ ಮಾಡಿದರು. ಬಹ್ರೈನಿನಿಂದ ಏನಾದರೂ ತಾ ಎಂದು ಇಷ್ಟು ವರ್ಷದಲ್ಲಿ ಒಮ್ಮೆಯೂ ಕೇಳಿದವರಲ್ಲ.

‘ಬಾಯೆ, ಒಂದು ಕೇಳ್ಲಿಕ್ಕೆ ಉಂಟು. ಅವ ಹಾಕಿ ಬಿಟ್ಟ ಬಟ್ಟೆ ಏನಾದ್ರೂ ಉಂಟಾ? ತೊಳಿಯದ್ದು. ಪೆಟ್ಟಿಗೆಯಲ್ಲಿ ಬಂದವನಿಗೆ ಮದ್ದಿನ ವಾಸನೆ ಇತ್ತು. ನನ್ನ ಮಗನ ವಾಸನೆಯೇ ಇರ್ಲಿಲ್ಲ.’

‘ಎಲ್ಲ ತೊಳೆದಾಯ್ತು ಮಾಂಯ್,’ ಎಂದೆ.

ಆ ಕಡೆ ಅವರು ಮೂಗೊರೆಸಿಕೊಂಡದ್ದು ಕೇಳಿಸಿತು.

‘ಹೌದಲ್ಲ,’ ಎಂದರು. ‘ನೀನು ಮೊದ್ಲಿಂದ್ಲೂ ಚೊಕ್ಕ.’